ನೆಲ ಯಾರದು? ಲಾ ಕಾಲೇಜಿನ ಮೊದಲ ಪಾಠ

ಕಳೆದ ದೀಪಾವಳಿ ಕೂಟದಲ್ಲಿ ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಸುತ್ತು ಬರುತ್ತಿದ್ದ ಹೊತ್ತು. ನಮ್ಮ ಬಳಗದ ಸದಸ್ಯರೊಬ್ಬರ ಮಗಳು ಆ ವರ್ಷವಷ್ಟೇ ಲಾ ಕಾಲೇಜಿಗೆ ಸೇರಿದ್ದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡವನ್ನು ಚೆನ್ನಾಗಿಯೇ ಆಡುತ್ತಾಳೆ, ಓದುವಾಗ ಮಾತ್ರ ಸ್ವಲ್ಪ ತಡವರಿಸುತ್ತಾಳೆ. ದಕ್ಷಿಣ ಕನ್ನಡದ ಕಡೆಯ ನಮ್ಮ ಹಿರಿಯ ಸದಸ್ಯರೊಬ್ಬರು ಅಡಿಕೆ ಮೆಲ್ಲುತ್ತ ಕೇಳಿದರು: "ಏನಮ್ಮಾ, ಕಾಲೇಜಿನಲ್ಲಿ ಮೊದಲ ಪಾಠ ಯಾವುದು ಮಾಡಿದರು?"

"ಬೇರೆಯವರ ಜಮೀನನ್ನು ಕಾನೂನು ಪ್ರಕಾರ ತಗೊಳ್ಳೋದು ಹೇಗೆ ಅಂತ, ಅಂಕಲ್."

"ಅದನ್ನು ಕಲಿಯಲಿಕ್ಕೆ ಅಷ್ಟು ಫೀಸು ಯಾಕೆ ಕೊಡಬೇಕು? ನಮ್ಮ ಊರಿನಲ್ಲಿ 1974ರಲ್ಲಿ ಸರಕಾರವೇ ಪುಕ್ಕಟೆ ಕಲಿಸಿತ್ತಲ್ಲ!" ಎಂದರು ಹಿರಿಯರು. ಭೂಸುಧಾರಣೆಯಲ್ಲಿ ಅವರ ಮನೆಯ ಗದ್ದೆ ಒಕ್ಕಲಿನ ಪಾಲಾದದ್ದು ನಮಗೆಲ್ಲ ಗೊತ್ತಿದ್ದ ವಿಷಯ. ಎಲ್ಲರೂ ನಕ್ಕೆವು. ಹುಡುಗಿ ಮಾತ್ರ ನಗಲಿಲ್ಲ.

ಅಂದಿನ ಮಾತು ಅಲ್ಲಿಗೆ ಮುಗಿಯಿತು. ಆದರೆ ಅವಳ ಉತ್ತರ ನಮ್ಮನ್ನು ಬಿಡಲಿಲ್ಲ. ಓದುಗರ ಕೂಟದ ನಾಲ್ಕಾರು ಜನ ಸೇರಿ, ಅವಳ ಪಠ್ಯಪುಸ್ತಕವನ್ನೇ ಎರವಲು ಪಡೆದು, ಲೈಬ್ರರಿಯಿಂದ ಇನ್ನಷ್ಟು ಪುಸ್ತಕ ತಂದು ಚಳಿಗಾಲವಿಡೀ ಓದಿದೆವು. ನಮ್ಮಲ್ಲಿ ವಕೀಲರು ಯಾರೂ ಇಲ್ಲ. ಇಂಜಿನಿಯರುಗಳು, ಡಾಕ್ಟರುಗಳು, ಒಬ್ಬ ಶಾಲಾ ಉಪಾಧ್ಯಾಯಿನಿ, ಅಷ್ಟೇ. ನಮಗೆ ತಿಳಿದಷ್ಟನ್ನು ಸದಸ್ಯ ಕುಟುಂಬಗಳ ಮುಂದೆ ಇಡುತ್ತಿದ್ದೇವೆ. ನಮ್ಮ ಮಕ್ಕಳು ಏನು ಕಲಿಯುತ್ತಿದ್ದಾರೆ ಎಂಬುದಕ್ಕಿಂತ, ನಾವು ಈ ನೆಲಕ್ಕೆ ಯಾವ ಬಾಗಿಲಿನಿಂದ ಬಂದೆವು ಎಂಬುದೇ ಇದರಿಂದ ನಮಗೆ ಹೆಚ್ಚು ಸ್ಪಷ್ಟವಾಯಿತು.

ಒಂದೇ ನೆಲ, ಎರಡು ಕ್ರಯಪತ್ರ

ಆ ಮೊದಲ ಪಾಠದ ಹೆಸರು "ಜಾನ್ಸನ್ ವಿರುದ್ಧ ಮೆಕಿಂಟಾಷ್". ಅಮೆರಿಕದ ಸುಪ್ರೀಂ ಕೋರ್ಟು 1823ರಲ್ಲಿ ಕೊಟ್ಟ ತೀರ್ಪು. ಇಲ್ಲಿನ ಅನೇಕ ಕಾಲೇಜುಗಳಲ್ಲಿ ಆಸ್ತಿ ಕಾನೂನಿನ ಪಾಠವನ್ನು ಇದರಿಂದಲೇ ಆರಂಭಿಸುತ್ತಾರೆ.

ಸಂಗತಿ ಹೀಗಿದೆ. ಈಗ ಇಲಿನಾಯ್ ಮತ್ತು ಇಂಡಿಯಾನಾ ಎನ್ನಿಸಿಕೊಂಡಿರುವ ಸೀಮೆಯಲ್ಲಿ ಇಲಿನಾಯ್, ಪಿಯಾಂಕಶಾ ಮೊದಲಾದ ಮೂಲನಿವಾಸಿ ಜನಾಂಗಗಳು ವಾಸವಾಗಿದ್ದವು. 1773ರಲ್ಲಿಯೂ 1775ರಲ್ಲಿಯೂ ಬಿಳಿಯ ವ್ಯಾಪಾರಿಗಳ ಕಂಪೆನಿಗಳು ಅವರಿಂದ ಅಪಾರ ನೆಲವನ್ನು ಕೊಂಡೆವೆಂದು ಪತ್ರ ಬರೆಸಿಕೊಂಡವು. ಅಮೆರಿಕ ಸ್ವತಂತ್ರವಾದ ಮೇಲೆ ಒಕ್ಕೂಟ ಸರಕಾರ ಅದೇ ಸೀಮೆಯನ್ನು ಮೂಲನಿವಾಸಿಗಳೊಡನೆ ಒಪ್ಪಂದ ಮಾಡಿಕೊಂಡು ತಾನು ಪಡೆದು ಬೇರೆಯವರಿಗೆ ಮಾರಿತು. ಹಾಗೆ ಸರಕಾರದಿಂದ ಕೊಂಡವನು ಮೆಕಿಂಟಾಷ್. ಮೊದಲಿನ ಖರೀದಿದಾರರ ವಾರಸುದಾರ ಜಾನ್ಸನ್. ನಮ್ಮ ತಾಲ್ಲೂಕು ಕಚೇರಿಗಳ ಜಗಲಿಯಲ್ಲಿ ದಿನ ಬೆಳಗಾದರೆ ಕಾಣುವ ವ್ಯಾಜ್ಯವೇ ಇದು: ನೆಲ ಒಂದು, ಕ್ರಯಪತ್ರ ಎರಡು.

ಈ ವ್ಯಾಜ್ಯದಲ್ಲಿ ಒಂದು ವಿಚಿತ್ರವಿದೆ. ಇತ್ತೀಚಿನ ವಿದ್ವಾಂಸರು ಹಳೆಯ ನಕ್ಷೆಗಳನ್ನು ಇಟ್ಟು ನೋಡಿದಾಗ ಜಾನ್ಸನ್ ಕೇಳುತ್ತಿದ್ದ ನೆಲಕ್ಕೂ ಮೆಕಿಂಟಾಷನ ನೆಲಕ್ಕೂ ಎಲ್ಲಿಯೂ ಗಡಿ ತಾಗುವುದಿಲ್ಲವೆಂದು ತಿಳಿದುಬಂತು. ಎಂದರೆ ನಿಜವಾದ ಜಗಳವೇ ಇರಲಿಲ್ಲ. ಕೋರ್ಟಿನ ಬಾಯಿಂದ ಒಂದು ತೀರ್ಪು ಹೊರಡಿಸಲು ಕಟ್ಟಿಕೊಂಡ ಜಗಳ ಅದು. ಇನ್ನೊಂದು ಸಂಗತಿ ವಿಚಿತ್ರವಲ್ಲ, ದುಃಖದ್ದು. ಇಲಿನಾಯ್ ಜನವಾಗಲಿ ಪಿಯಾಂಕಶಾ ಜನವಾಗಲಿ ಈ ಮೊಕದ್ದಮೆಯಲ್ಲಿ ವಾದಿಗಳೂ ಅಲ್ಲ, ಪ್ರತಿವಾದಿಗಳೂ ಅಲ್ಲ, ಸಾಕ್ಷಿಗಳೂ ಅಲ್ಲ. ಅವರ ನೆಲದ ಹಕ್ಕು ಎಂಥದು ಎಂಬುದು ಅವರಿಲ್ಲದ ಕೋಣೆಯಲ್ಲಿ ತೀರ್ಮಾನವಾಯಿತು.

ತೀರ್ಪು ಬರೆದವರು ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್. ಅವರು ಹೇಳಿದ್ದರ ಸಾರಾಂಶ: ಯೂರೋಪಿನ ಯಾವ ರಾಜ್ಯ ಈ ನೆಲವನ್ನು ಮೊದಲು "ಕಂಡುಹಿಡಿಯಿತೋ" ಒಡೆತನ ಆ ರಾಜ್ಯದ್ದು, ಆ ಒಡೆತನ ಇಂಗ್ಲೆಂಡಿನಿಂದ ಅಮೆರಿಕ ಸರಕಾರಕ್ಕೆ ಬಂದಿದೆ. ಮೂಲನಿವಾಸಿಗಳಿಗೆ ಇರುವುದು ವಾಸದ ಹಕ್ಕು, ಅನುಭೋಗದ ಹಕ್ಕು; ಅದನ್ನು ಅವರು ಸರಕಾರಕ್ಕಲ್ಲದೆ ಇನ್ನಾರಿಗೂ ಮಾರುವಂತಿಲ್ಲ. ಇದಕ್ಕೆ ಆಧಾರವಾಗಿ 1496ರಲ್ಲಿ ಇಂಗ್ಲೆಂಡಿನ ಏಳನೆಯ ಹೆನ್ರಿ ದೊರೆ ನಾವಿಕ ಕ್ಯಾಬಟ್‌ನಿಗೆ ಕೊಟ್ಟ ಸನ್ನದಿನವರೆಗೂ ಹಿಂದಕ್ಕೆ ಹೋದರು. ಈ ವಾದ ಅತಿರೇಕದಂತೆ ತೋರಬಹುದೆಂದು ಅವರೇ ಒಪ್ಪಿಕೊಳ್ಳುತ್ತಾರೆ. ಆದರೂ ಗೆದ್ದವನು ಸ್ಥಾಪಿಸಿದ ನ್ಯಾಯಾಲಯ ಗೆದ್ದವನ ಹಕ್ಕನ್ನೇ ಅಲ್ಲಗಳೆಯುವಂತಿಲ್ಲ ಎಂಬ ಅರ್ಥದ ಮಾತಾಡಿ ಮುಂದೆ ಸಾಗುತ್ತಾರೆ. ನಮ್ಮ ಪೈಕಿ ಒಬ್ಬರು ಇದನ್ನು ಓದಿ, "ಇದು ಚಾಲಗೇಣಿಯ ಹಾಗಾಯಿತು. ಉಳುವವನು ಒಬ್ಬ, ಎಬ್ಬಿಸುವ ಹಕ್ಕು ಮತ್ತೊಬ್ಬನದು," ಎಂದರು. ಹೋಲಿಕೆ ಪೂರ್ತಿ ಸರಿಯಲ್ಲ. ಗೇಣಿದಾರ ಬೇರೆಯವನ ಖಾತೆಯ ನೆಲಕ್ಕೆ ಬಂದವನು. ಇಲ್ಲಿ ಖಾತೆದಾರನೇ ಹೊರಗಿನಿಂದ ಬಂದವನು.

ಈಸ್ಟ್ ಇಂಡಿಯಾ ಕಂಪೆನಿಯ ಒಂದು ಕಾಗದ

ಈ ಕಥೆಯಲ್ಲಿ ನಮ್ಮ ದೇಶವೂ ಒಂದು ಕಡೆ ಬರುತ್ತದೆಂದು ನಾವು ಎಣಿಸಿರಲಿಲ್ಲ.

ಪ್ಲಾಸಿ ಕದನ ನಡೆದ 1757ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಒಂದು ಪ್ರಶ್ನೆ ಎದ್ದಿತು: ಭಾರತದಲ್ಲಿ ತಾನು ಪಡೆಯುವ ನೆಲ ಕಂಪೆನಿಯದೋ, ಇಂಗ್ಲೆಂಡಿನ ದೊರೆಯದೋ? ಸರಕಾರದ ಇಬ್ಬರು ಹಿರಿಯ ವಕೀಲರಾದ ಪ್ರ್ಯಾಟ್ ಮತ್ತು ಯಾರ್ಕ್ ಅಭಿಪ್ರಾಯ ಬರೆದುಕೊಟ್ಟರು. ಯುದ್ಧದಲ್ಲಿ ಗೆದ್ದ ನೆಲ ದೊರೆಯದು. ಆದರೆ ಮೊಗಲ ಬಾದಶಹನಿಂದಲೋ ಭಾರತದ ರಾಜರಿಂದಲೋ ಒಪ್ಪಂದದ ಮೇಲೆ, ದತ್ತಿಯಾಗಿ ಬಂದ ನೆಲಕ್ಕೆ ದೊರೆಯ ಪ್ರತ್ಯೇಕ ಸನ್ನದು ಬೇಕಿಲ್ಲ. ಅದು ಕಂಪೆನಿಯದೇ, ಆಳ್ವಿಕೆಯ ಹಕ್ಕು ಮಾತ್ರ ದೊರೆಯದು.

ಈ ಕಾಗದದ ನಕಲು ಸಮುದ್ರ ದಾಟಿ ಅಮೆರಿಕಕ್ಕೆ ಬಂತು. ಬರುವಾಗ ಅದರಲ್ಲಿದ್ದ ಮೊಗಲ ಬಾದಶಹನ ಹೆಸರು ಮಾಯವಾಗಿತ್ತು. ಉಳಿದದ್ದು "ಇಂಡಿಯನ್" ರಾಜರು ಎಂಬ ಮಾತು. ಕೊಲಂಬಸನ ತಪ್ಪಿನಿಂದಾಗಿ ಇಲ್ಲಿನ ಮೂಲನಿವಾಸಿಗಳನ್ನೂ ಇಂಡಿಯನ್ನರೆಂದೇ ಕರೆಯುತ್ತಿದ್ದರಲ್ಲ! ಇಂಡಿಯನ್ನರಿಂದ ನೆಲ ಕೊಳ್ಳಲು ದೊರೆಯ ಅಪ್ಪಣೆ ಬೇಡವೆಂದು ಲಂಡನ್ನಿನ ವಕೀಲರೇ ಹೇಳಿದ್ದಾರೆಂದು ಭೂವ್ಯಾಪಾರಿಗಳು ಆ ಕಾಗದವನ್ನು ತೋರಿಸಿ 1773ರ ಖರೀದಿ ನಡೆಸಿದರು.

ಐವತ್ತು ವರ್ಷದ ಮೇಲೆ ಅದೇ ಕಾಗದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮಾರ್ಷಲ್ ಅದನ್ನು ಒಪ್ಪಲಿಲ್ಲ. ರಾಜರು, ಸರಕಾರಗಳು ಎಂಬ ಮಾತು ಪೂರ್ವದೇಶದ ಇಂಡಿಯನ್ನರಿಗೆ ಹೊಂದುತ್ತದೆಯೇ ಹೊರತು ಉತ್ತರ ಅಮೆರಿಕದವರಿಗಲ್ಲ. ಇಲ್ಲಿರುವುದು ಬುಡಕಟ್ಟುಗಳು, ಮುಖಂಡರು, ಯೋಧರು ಎಂಬುದು ಅವರ ಉತ್ತರ. ಒಬ್ಬ ಇಂಡಿಯನ್ನನಿಗೆ ರಾಜ್ಯ ಉಂಟು, ಇನ್ನೊಬ್ಬ ಇಂಡಿಯನ್ನನಿಗೆ ಇಲ್ಲ! ಆದರೆ ರಾಜ್ಯ ಉಂಟೆಂದು ಒಪ್ಪಿದ ನಮ್ಮ ಗತಿ ಏನಾಯಿತೆಂಬುದನ್ನು ಮುಂದಿನ ನೂರು ವರ್ಷಗಳ ಚರಿತ್ರೆ ಹೇಳುತ್ತದೆ. ಕಾಗದದಲ್ಲಿ ಭೇದವಿತ್ತು, ನೆಲ ಎರಡು ಕಡೆಯೂ ಹೋಯಿತು.

1830ರಲ್ಲಿ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಆಚೆಗೆ ಸಾಗಿಸುವ ಕಾನೂನು ಬಂತು. 1832ರಲ್ಲಿ ಇದೇ ಮಾರ್ಷಲ್ ಚೆರೋಕಿ ಜನರ ಪರವಾಗಿ ಒಂದು ತೀರ್ಪು ಕೊಟ್ಟರು. ಜಾರ್ಜಿಯಾ ಸಂಸ್ಥಾನ ಅದಕ್ಕೆ ಕಿವಿಗೊಡಲಿಲ್ಲ. 1838 ಮತ್ತು 39ರಲ್ಲಿ ಸುಮಾರು 16,000 ಚೆರೋಕಿ ಜನರನ್ನು ಹೊರಡಿಸಲಾಯಿತು. ಅವರಲ್ಲಿ ಸುಮಾರು 4,000 ಮಂದಿ ಸತ್ತರೆಂದು ಸಾಮಾನ್ಯವಾಗಿ ಲೆಕ್ಕ ಹೇಳುತ್ತಾರೆ. 1823ರ ತೀರ್ಪು ಇಂದಿಗೂ ರದ್ದಾಗಿಲ್ಲ. 2005ರಲ್ಲಿ ನ್ಯೂಯಾರ್ಕಿನ ಒನೈಡಾ ಜನರ ವಿರುದ್ಧ ಬಂದ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಈ "ಕಂಡುಹಿಡಿದವರ ಹಕ್ಕು" ಅಡಿಟಿಪ್ಪಣಿಯಾಗಿ ಮತ್ತೆ ಕಾಣಿಸಿಕೊಂಡಿತು. ಹದಿನೈದನೆಯ ಶತಮಾನದಲ್ಲಿ ಇಂಥ ಹಕ್ಕಿಗೆ ಆಜ್ಞಾಪತ್ರಗಳನ್ನು ಹೊರಡಿಸಿದ್ದ ರೋಮಿನ ಧರ್ಮಪೀಠವೇ 2023ರ ಮಾರ್ಚಿನಲ್ಲಿ ಈ ತತ್ವ ತನಗೆ ಒಪ್ಪಿತವಲ್ಲವೆಂದು ಸಾರಿತು.

ಪುಸ್ತಕದ ಒಳಗೆ, ಪುಸ್ತಕದ ಹೊರಗೆ

ಇಷ್ಟೆಲ್ಲ ಸಂಗತಿ ಆ ತೀರ್ಪನ್ನು ಓದುವ ವಿದ್ಯಾರ್ಥಿಗೆ ತಿಳಿಯುತ್ತದೆಯೇ? ತಿಳಿಯಲೇಬೇಕೆಂದಿಲ್ಲ. ಅದಕ್ಕೆ ಕಾರಣ ಪಾಠದ ಕ್ರಮ.

ಇಲ್ಲಿನ ಕಾನೂನು ಶಿಕ್ಷಣಕ್ಕೆ ಈಗಿನ ರೂಪ ಕೊಟ್ಟವರು 1870ರಿಂದ 1895ರವರೆಗೆ ಹಾರ್ವರ್ಡ್ ಲಾ ಕಾಲೇಜಿನ ಡೀನ್ ಆಗಿದ್ದ ಲ್ಯಾಂಗ್ಡೆಲ್. ಅವರ ಪೂರ್ಣ ಹೆಸರು ಕ್ರಿಸ್ಟಫರ್ ಕೊಲಂಬಸ್ ಲ್ಯಾಂಗ್ಡೆಲ್ ಎಂದು ತಿಳಿದಾಗ ನಮಗೆ ನಗು ಬಂತು. ಕಾನೂನು ಒಂದು ವಿಜ್ಞಾನ, ಮೇಲಿನ ಕೋರ್ಟುಗಳ ತೀರ್ಪುಗಳೇ ಅದರ ಪ್ರಯೋಗಶಾಲೆ ಎಂಬುದು ಅವರ ಮತ. ವಿದ್ಯಾರ್ಥಿ ತೀರ್ಪನ್ನು ಓದಿಕೊಂಡು ಬರಬೇಕು, ಉಪಾಧ್ಯಾಯರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಅದರ ಸೂತ್ರವನ್ನು ಹೊರತೆಗೆಯಬೇಕು. ಬುದ್ಧಿ ಹರಿತವಾಗಲು ಇದು ಒಳ್ಳೆಯ ಕ್ರಮವೇ. ಆದರೆ ತೀರ್ಪಿನಲ್ಲಿ ಮಾತಾಡುವವರು ನ್ಯಾಯಾಧೀಶರು ಒಬ್ಬರೇ. ಕೋರ್ಟಿಗೆ ಬರದವರು, ಬರಲು ಬಿಡದವರು, ಪಾಠಕ್ಕೂ ಬರುವುದಿಲ್ಲ. ಪಿಯಾಂಕಶಾ ಜನ ಕೋರ್ಟಿನಲ್ಲಿಯೂ ಇರಲಿಲ್ಲ, ಆದ್ದರಿಂದ ಕ್ಲಾಸಿನಲ್ಲಿಯೂ ಇರಲಿಲ್ಲ.

ಪಾಠವನ್ನು ವಸಾಹತುಶಾಹಿಯ ಹಿಡಿತದಿಂದ ಬಿಡಿಸಬೇಕೆಂದು ಈಚೆಗೆ ವಿಶ್ವವಿದ್ಯಾಲಯಗಳಲ್ಲಿ ಕೇಳಿಬರುವ ಮಾತಿನ ಅರ್ಥ ನಮಗೆ ತಿಳಿದಮಟ್ಟಿಗೆ ಇಷ್ಟೇ: ತೀರ್ಪನ್ನು ಓದಿ, ಜೊತೆಗೆ ಆ ಕೋಣೆಯಲ್ಲಿ ಯಾರಿರಲಿಲ್ಲ, ಏಕಿರಲಿಲ್ಲ ಎಂದು ಕೇಳಿ. ಇದು ಹೊಸ ಮಾತೂ ಅಲ್ಲ.

ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯ ಕರಿಯ ಜನರ ಶಿಕ್ಷಣಕ್ಕಾಗಿ ಹುಟ್ಟಿದ್ದು. 1929ರಲ್ಲಿ ಅದರ ಲಾ ಕಾಲೇಜಿನ ಹೊಣೆ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರಿಗೆ ಬಂತು. ಅಲ್ಲಿಯವರೆಗೆ ಅದು ಸಂಜೆ ಕಾಲೇಜು. ಹ್ಯೂಸ್ಟನ್ ಅದನ್ನು ಪೂರ್ಣಕಾಲದ ಕಾಲೇಜು ಮಾಡಿದರು, ಶಿಸ್ತನ್ನು ಬಿಗಿ ಮಾಡಿದರು. 1931ರಲ್ಲಿ ಅದಕ್ಕೆ ವಕೀಲರ ಸಂಘದ ಮಾನ್ಯತೆ ದೊರೆಯಿತು. ಕರಿಯ ವಕೀಲ ಬಿಳಿಯ ವಕೀಲನಷ್ಟೇ ಜಾಣನಾದರೆ ಸಾಲದು, ತನ್ನ ಜನರ ಬದುಕನ್ನೂ ಬಲ್ಲವನಾಗಿರಬೇಕು ಎಂಬುದು ಅವರ ಹಟ. 1934ರಲ್ಲಿ ಅವರೇ ಸಿನಿಮಾ ಕ್ಯಾಮೆರಾ ಹಿಡಿದು ದಕ್ಷಿಣ ಕೆರೊಲಿನಾಕ್ಕೆ ಹೋಗಿ ಕರಿಯ ಮಕ್ಕಳ ಶಾಲೆಗಳ ದುಃಸ್ಥಿತಿಯನ್ನು ಚಿತ್ರೀಕರಿಸಿದರು. "ಬೇರೆ ಬೇರೆ, ಆದರೆ ಸಮಾನ" ಎಂದು 1896ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತಲ್ಲ, ಆ "ಸಮಾನ" ಹೇಗಿದೆಯೆಂದು ತೀರ್ಪಿನ ಪುಸ್ತಕದಲ್ಲಿ ಕಾಣುವುದಿಲ್ಲ. ಸೂರು ಸೋರುವ ಶಾಲೆಯಲ್ಲಿ ಕಾಣುತ್ತದೆ.

ಅವರ ಶಿಷ್ಯರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ತಮ್ಮ ಊರಿನ ಮೇರಿಲೆಂಡ್ ವಿಶ್ವವಿದ್ಯಾಲಯದ ಲಾ ಕಾಲೇಜು ಕರಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದ್ದರಿಂದ ಹೊವರ್ಡಿಗೆ ಬಂದವರು. 1933ರಲ್ಲಿ ತರಗತಿಗೆ ಮೊದಲಿಗರಾಗಿ ಹೊರಬಂದರು. ಮೂರು ವರ್ಷ ಕಳೆಯುವುದರೊಳಗೆ ಗುರುಶಿಷ್ಯರು ಸೇರಿ ಅದೇ ಮೇರಿಲೆಂಡ್ ಕಾಲೇಜಿನ ಬಾಗಿಲನ್ನು ಮೊಕದ್ದಮೆಯಿಂದ ತೆರೆಸಿದರು. ಅದೇ ಹಾದಿ 1954ರಲ್ಲಿ ಶಾಲೆಗಳ ವರ್ಣಭೇದವನ್ನು ತೆಗೆದುಹಾಕಿದ ಬ್ರೌನ್ ತೀರ್ಪಿಗೆ ತಲುಪಿತು. ಅದನ್ನು ಕಾಣಲು ಹ್ಯೂಸ್ಟನ್ ಉಳಿದಿರಲಿಲ್ಲ, 1950ರಲ್ಲೇ ತೀರಿಕೊಂಡಿದ್ದರು. ಥರ್ಗುಡ್ ಮಾರ್ಷಲ್ 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕರಿಯ ನ್ಯಾಯಾಧೀಶರಾದರು.

ಹೊವರ್ಡಿನ ಇನ್ನೊಬ್ಬ ವಿದ್ಯಾರ್ಥಿ ಪಾಲಿ ಮರ್ರಿ. 1944ರ ತಂಡದಲ್ಲಿ ಆಕೆ ಒಬ್ಬರೇ ಹೆಣ್ಣುಮಗಳು, ತರಗತಿಗೆ ಮೊದಲಿಗರು. 1896ರ ತೀರ್ಪನ್ನು ಸುತ್ತುಬಳಸಿ ದುರ್ಬಲಗೊಳಿಸುವುದು ಬೇಡ, ನೇರವಾಗಿಯೇ ಬುಡಕ್ಕೆ ಕೊಡಲಿ ಹಾಕಬೇಕೆಂದು ಆಕೆ ತರಗತಿಯಲ್ಲಿ ವಾದಿಸಿದಾಗ ಸಹಪಾಠಿಗಳು ನಕ್ಕರಂತೆ. ಇಪ್ಪತ್ತೈದು ವರ್ಷದೊಳಗೆ ಆ ತೀರ್ಪು ಬೀಳುತ್ತದೆಂದು ಆಕೆ ತಮ್ಮ ಪ್ರಾಧ್ಯಾಪಕರೊಡನೆ ಹತ್ತು ಡಾಲರ್ ಪಂದ್ಯ ಕಟ್ಟಿದರು. ಹತ್ತೇ ವರ್ಷಕ್ಕೆ ಬಿತ್ತು. ಬ್ರೌನ್ ಮೊಕದ್ದಮೆ ಸಿದ್ಧಪಡಿಸುವಾಗ ಆ ಪ್ರಾಧ್ಯಾಪಕರು ಶಿಷ್ಯೆಯ ಹಳೆಯ ಪ್ರಬಂಧವನ್ನು ಹುಡುಕಿ ತೆಗೆದಿದ್ದರೆಂದು ಆಕೆಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಈ ಪಾಲಿ ಮರ್ರಿ 1960ರಲ್ಲಿ ಆಫ್ರಿಕಕ್ಕೆ ಹೋಗಿ, ಹೊಸದಾಗಿ ಸ್ವತಂತ್ರವಾಗಿದ್ದ ಘಾನಾ ದೇಶದ ಲಾ ಕಾಲೇಜಿನಲ್ಲಿ ಸಂವಿಧಾನದ ಪಾಠ ಹೇಳಿದರು. ಬ್ರಿಟಿಷರು ಹೋಗಿದ್ದರು, ಆದರೆ ವಿಚಾರಣೆಯಿಲ್ಲದೆ ಬಂಧಿಸಿಡುವ ಕಾನೂನನ್ನು ಸ್ವದೇಶದ ಸರಕಾರವೇ 1958ರಲ್ಲಿ ತಂದಿತ್ತು. ಅಧಿಕಾರಕ್ಕೆ ಮಿತಿ ಇರಬೇಕೆಂಬ ಪಾಠ ಹೇಳಲು ಅಲ್ಲಿಯೂ ಅನುಕೂಲವಿರಲಿಲ್ಲ. ಮರುವರ್ಷ ಆಕೆ ಹಿಂತಿರುಗಿದರು. ಇದನ್ನು ನಾವು ಬೇಕೆಂದೇ ಬರೆಯುತ್ತಿದ್ದೇವೆ. ಬಿಳಿಯ ದೊರೆಯ ಪಟ ಇಳಿಸಿ ನಮ್ಮವನ ಪಟ ಏರಿಸಿದರೆ ಪಾಠ ಸ್ವತಂತ್ರವಾಗುವುದಿಲ್ಲ. ಯಾರ ಕೈಯಲ್ಲಿ ಕೋಲಿದೆ, ಯಾರ ಬೆನ್ನ ಮೇಲೆ ಬೀಳುತ್ತಿದೆ ಎಂಬ ಪ್ರಶ್ನೆಯನ್ನು ಯಾವ ಆಳ್ವಿಕೆಯಲ್ಲಿಯೂ ಕೇಳಬೇಕಾಗುತ್ತದೆ.

ವಿದ್ಯಾರ್ಥಿಗಳೇ ನಡೆಸಿದ ಪಾಠ

ಹಾರ್ವರ್ಡ್ ಲಾ ಕಾಲೇಜಿನಲ್ಲಿ ಖಾಯಂ ಪ್ರಾಧ್ಯಾಪಕರಾದ ಮೊದಲ ಕರಿಯರು ಡೆರಿಕ್ ಬೆಲ್, 1971ರಲ್ಲಿ. ಅದಕ್ಕೆ ಮೊದಲು ದಕ್ಷಿಣದ ಸಂಸ್ಥಾನಗಳಲ್ಲಿ ಶಾಲೆಗಳ ವರ್ಣಭೇದದ ಮೊಕದ್ದಮೆಗಳನ್ನು ನಡೆಸಿದ್ದವರು. ಜನಾಂಗಭೇದವನ್ನು ಅಮೆರಿಕದ ಕಾನೂನು ಹೇಗೆ ಕಟ್ಟಿತು, ಹೇಗೆ ಕಾಪಾಡಿತು ಎಂಬುದನ್ನೇ ಪಾಠವಾಗಿಸಿ 1973ರಲ್ಲಿ ಪಠ್ಯಪುಸ್ತಕ ತಂದರು. 1980ರಲ್ಲಿ ಆರೆಗನ್ ವಿಶ್ವವಿದ್ಯಾಲಯದ ಲಾ ಕಾಲೇಜಿಗೆ ಡೀನ್ ಆಗಿ ಹೋದಾಗ ಹಾರ್ವರ್ಡಿನಲ್ಲಿ ಆ ಪಾಠ ನಿಂತುಹೋಯಿತು. ಪಾಠ ಮುಂದುವರಿಯಬೇಕು, ಬಿಳಿಯರಲ್ಲದ ಖಾಯಂ ಅಧ್ಯಾಪಕರು ಬೇಕು ಎಂದು ವಿದ್ಯಾರ್ಥಿಗಳು ಕೇಳಿದರು. ಕಾಲೇಜು ಇಬ್ಬರು ಪ್ರಸಿದ್ಧ ವಕೀಲರಿಂದ ಮೂರು ವಾರದ ಪಾಠವೊಂದನ್ನು ಏರ್ಪಡಿಸಿತು. ವಿದ್ಯಾರ್ಥಿಗಳು ಅದನ್ನು ಬಹಿಷ್ಕರಿಸಿ 1983ರಲ್ಲಿ ತಮ್ಮದೇ ಪರ್ಯಾಯ ಪಾಠ ನಡೆಸಿದರು. ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು ಬಂದು ಬೆಲ್ ಅವರ ಪುಸ್ತಕದ ಅಧ್ಯಾಯಗಳನ್ನು ಹೇಳಿಕೊಟ್ಟರು. ಅಂದು ಅಲ್ಲಿದ್ದ ಕಿಂಬರ್ಲಿ ಕ್ರೆನ್ಷಾ, ಮಾರಿ ಮಾತ್ಸುದಾ ಮುಂತಾದವರು ಮುಂದೆ ಹೆಸರಾದ ಪ್ರಾಧ್ಯಾಪಕರಾದರು. 1989ರಲ್ಲಿ ಮ್ಯಾಡಿಸನ್ನಿನಲ್ಲಿ ಇಂಥವರು ಸೇರಿ ತಮ್ಮ ವಿಚಾರಕ್ಕೆ "ಕ್ರಿಟಿಕಲ್ ರೇಸ್ ಥಿಯರಿ" ಎಂದು ಹೆಸರಿಟ್ಟರು. 2020ರ ನಂತರ ಈ ಹೆಸರನ್ನು ರಾಜಕೀಯ ವೇದಿಕೆಗಳಲ್ಲಿ ಕೇಳಿ ನಮ್ಮಲ್ಲಿ ಹಲವರು ಗಾಬರಿಯಾಗಿದ್ದುಂಟು. ಅದರ ಬೇರು ನಿಂತುಹೋದ ಒಂದು ಪಾಠದಲ್ಲಿದೆ.

ಬೆಲ್ ಅವರ ಬಗ್ಗೆ ಇನ್ನೊಂದು ಸಂಗತಿ ನಮ್ಮ ಕುಟುಂಬಗಳಿಗೆ ತಿಳಿದಿರಬೇಕು. 1985ರಲ್ಲಿ ಆರೆಗನ್ನಿನಲ್ಲಿ ಅರ್ಹ ಅಭ್ಯರ್ಥಿಯೊಬ್ಬರಿಗೆ ಅಧ್ಯಾಪಕ ಹುದ್ದೆ ಕೊಡಲು ಕಾಲೇಜು ಒಪ್ಪದಿದ್ದಾಗ ಅವರು ಡೀನ್ ಪದವಿಗೇ ರಾಜೀನಾಮೆ ಕೊಟ್ಟರು. ಆ ಅಭ್ಯರ್ಥಿ ಕರಿಯರಲ್ಲ. ಏಷ್ಯಾ ಮೂಲದ ಮಹಿಳೆ.

ಹಾರ್ವರ್ಡ್ ಲಾ ಕಾಲೇಜಿನ ಲಾಂಛನದಲ್ಲಿ ಮೂರು ಗೋಧಿ ಹೊರೆಗಳಿದ್ದವು. ಅದು ರಾಯಲ್ ಎಂಬ ಮನೆತನದ ಗುರುತು. ಅಲ್ಲಿನ ಮೊದಲ ಕಾನೂನು ಪ್ರಾಧ್ಯಾಪಕ ಪೀಠಕ್ಕೆ ದತ್ತಿ ಬಿಟ್ಟವರು ಐಸಾಕ್ ರಾಯಲ್. ಆ ಮನೆತನದ ಐಶ್ವರ್ಯ ಆಂಟಿಗುವಾ ದ್ವೀಪದಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದು. 2015ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿದ್ಯಾರ್ಥಿಗಳು ರೋಡ್ಸ್‌ನ ಪ್ರತಿಮೆಯನ್ನು ಇಳಿಸಿದ್ದನ್ನು ಕಂಡು ಹಾರ್ವರ್ಡಿನ ವಿದ್ಯಾರ್ಥಿಗಳೂ ಈ ಲಾಂಛನದ ವಿರುದ್ಧ ಎದ್ದರು. 2016ರಲ್ಲಿ ಕಾಲೇಜು ಅದನ್ನು ತೆಗೆದುಹಾಕಿತು. 2021ರಲ್ಲಿ ಹೊಸ ಲಾಂಛನ ಬಂತು. ಚಿಹ್ನೆ ಬದಲಾದರೆ ಪಾಠ ಬದಲಾದಂತಲ್ಲ. ಆದರೆ ಪೀಠ ಯಾರ ಬೆವರಿನ ಮೇಲೆ ನಿಂತಿತೆಂಬುದೂ ಪಾಠವೇ.

ನಮ್ಮವರ ಮೊಕದ್ದಮೆ

ಇಲ್ಲಿಯವರೆಗೆ ಬಿಳಿಯರ ತಪ್ಪು, ಕರಿಯರ ಹೋರಾಟ, ಮೂಲನಿವಾಸಿಗಳ ನಷ್ಟ ಎಂದು ಓದುತ್ತ ಬಂದ ನಾವು ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಗೆ ಬಂದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆವು.

1790ರ ಕಾನೂನಿನ ಪ್ರಕಾರ ಇಲ್ಲಿಗೆ ವಲಸೆ ಬಂದವರು ಪ್ರಜೆಗಳಾಗಬೇಕಿದ್ದರೆ "ಬಿಳಿಯರು" ಆಗಿರಬೇಕಿತ್ತು. 1870ರಲ್ಲಿ ಆಫ್ರಿಕ ಮೂಲದವರನ್ನೂ ಸೇರಿಸಿದರು. ನಡುವೆ ಸಿಕ್ಕಿಕೊಂಡ ಏಷ್ಯಾದವರು ತಾವು ಬಿಳಿಯರೆಂದು ಕೋರ್ಟಿನಲ್ಲಿ ರುಜುಪಡಿಸಬೇಕಾಯಿತು. 1878ರಿಂದ 1952ರವರೆಗೆ ವರದಿಯಾದ ಇಂಥ ಮೊಕದ್ದಮೆಗಳು 52 ಎಂದು ವಿದ್ವಾಂಸರೊಬ್ಬರು ಪಟ್ಟಿ ಮಾಡಿದ್ದಾರೆ. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲದರಲ್ಲಿಯೂ ಅರ್ಜಿದಾರರ ವಾದ ಒಂದೇ: ನಾವು ಬಿಳಿಯರು.

ಥಿಂಡ್ ಪಂಜಾಬಿನವರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. 1922ರ ನವೆಂಬರಿನಲ್ಲಿ ಓಜಾವಾ ಎಂಬ ಜಪಾನೀಯರ ಅರ್ಜಿಯನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತ್ತು. ಚರ್ಮದ ಬಣ್ಣ ಮುಖ್ಯವಲ್ಲ, ಬಿಳಿಯನೆಂದರೆ ಕಾಕೇಸಿಯನ್ ಕುಲದವನು ಎಂದು ಹೇಳಿತ್ತು. ಹಾಗಾದರೆ ಉತ್ತರ ಭಾರತದ ಆರ್ಯ ಕುಲದವನಾದ ನಾನು ಕಾಕೇಸಿಯನ್ನೇ ಅಲ್ಲವೇ ಎಂಬುದು ಥಿಂಡ್ ಅವರ ವಾದ. ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ ಅದೇ ಕೋರ್ಟು, ಅದೇ ನ್ಯಾಯಾಧೀಶ ಸದರ್‌ಲೆಂಡ್ ಅವರ ಲೇಖನಿಯಿಂದ, ವಿದ್ವಾಂಸರ ಕುಲಶಾಸ್ತ್ರ ಬೇಡ, ಸಾಮಾನ್ಯ ಜನ ಯಾರನ್ನು ಬಿಳಿಯರೆನ್ನುತ್ತಾರೋ ಅವರೇ ಬಿಳಿಯರು ಎಂದಿತು. ಸದರ್‌ಲೆಂಡ್ ಅವರೂ ವಲಸೆ ಬಂದವರೇ, ಇಂಗ್ಲೆಂಡಿನಲ್ಲಿ ಹುಟ್ಟಿದವರು. ಆಗಲೇ ಪ್ರಜೆಗಳಾಗಿದ್ದ ಹತ್ತಾರು ಭಾರತೀಯರ ಪೌರತ್ವವನ್ನು ಸರಕಾರ ಕಿತ್ತುಕೊಂಡಿತು. ಅವರಲ್ಲಿ ಒಬ್ಬರಾದ ಸ್ಯಾನ್ ಫ್ರಾನ್ಸಿಸ್ಕೋದ ವರ್ತಕ ವೈಷ್ಣೋದಾಸ್ ಬಗಾಯಿ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

ಇದು ಅನ್ಯಾಯ, ಸಂದೇಹವಿಲ್ಲ. ಆದರೆ ನಾವು ಪುಸ್ತಕ ಮುಚ್ಚಿದ್ದು ಅದಕ್ಕಲ್ಲ. ಥಿಂಡ್ ಅವರ ಪರವಾಗಿ ಕೋರ್ಟಿಗೆ ಸಲ್ಲಿಸಿದ ವಾದಪತ್ರದಲ್ಲಿ ಜಾತಿಯನ್ನೇ ಸಾಕ್ಷಿಯಾಗಿ ಮುಂದಿಟ್ಟಿದ್ದಾರೆ. ಮೇಲ್ಜಾತಿಯವರು ಹೊರಗೆ ಮದುವೆಯಾಗದೆ ರಕ್ತವನ್ನು ಶುದ್ಧವಾಗಿ ಕಾಪಾಡಿಕೊಂಡಿದ್ದಾರೆ. ಮದುವೆಯ ವಿಷಯದಲ್ಲಿ ಅಮೆರಿಕದ ಬಿಳಿಯನು ಕರಿಯನನ್ನು ಹೇಗೆ ದೂರವಿಡುತ್ತಾನೋ ಹಾಗೆಯೇ ಭಾರತದ ಮೇಲ್ಜಾತಿಯವನು ಅಲ್ಲಿನ ಆದಿವಾಸಿಯನ್ನು ದೂರವಿಡುತ್ತಾನೆ ಎಂಬ ಅರ್ಥದ ಮಾತು ಅದರಲ್ಲಿದೆ. ಬಾಗಿಲು ತೆರೆಯಿರಿ, ನಾವೂ ನಿಮ್ಮ ಹಾಗೆಯೇ ಬಾಗಿಲು ಹಾಕುವವರು ಎಂದಂತಾಯಿತು!

ಇದಕ್ಕೆ ಎದುರಾಗಿ ಇನ್ನೊಬ್ಬ ಭಾರತೀಯರ ಕಾಗದವೂ ಚರಿತ್ರೆಯಲ್ಲಿದೆ. 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿ, ಮುಂದೆ ಮುಂಬಯಿಯ ಸರಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಡಾ. ಅಂಬೇಡ್ಕರ್ ಅವರು 1946ರಲ್ಲಿ ಕರಿಯ ಜನರ ವಿದ್ವಾಂಸ ಡು ಬೋಯಿಸ್ ಅವರಿಗೆ ಪತ್ರ ಬರೆದರು. ಕರಿಯರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಮನವಿಯ ಪ್ರತಿಯನ್ನು ಕೇಳಿ, ಅಸ್ಪೃಶ್ಯರ ಸ್ಥಿತಿಗೂ ಕರಿಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಅದರಲ್ಲಿ ಎತ್ತಿ ಹೇಳಿದರು. ಡು ಬೋಯಿಸ್ ಸಹಾನುಭೂತಿಯಿಂದ ಉತ್ತರ ಬರೆದರು. ಒಂದೇ ದೇಶದ ಎರಡು ಕಾಗದಗಳು: ಒಂದು ಮೇಲಿನವರ ಪಂಕ್ತಿಯಲ್ಲಿ ಎಲೆ ಹಾಕಿ ಎಂದಿತು, ಇನ್ನೊಂದು ಪಂಕ್ತಿಭೇದವೇ ಬೇಡ ಎಂದಿತು.

1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಬಂತು, ವರ್ಷಕ್ಕೆ 100 ಜನರ ವಲಸೆಯ ಮಿತಿಯೊಂದಿಗೆ. ನಮ್ಮಲ್ಲಿ ಬಹುಪಾಲು ಕುಟುಂಬಗಳು ಬಂದದ್ದು 1965ರ ವಲಸೆ ಕಾನೂನಿನ ಬಾಗಿಲಿನಿಂದ. ಅದಕ್ಕೆ ಹಿಂದಿನ ವರ್ಷ ನಾಗರಿಕ ಹಕ್ಕುಗಳ ಕಾನೂನು ಬಂದಿತ್ತು. ಜನಾಂಗ ನೋಡಿ ಮನುಷ್ಯರನ್ನು ಬೇರೆ ಮಾಡುವುದು ತಪ್ಪೆಂದು ಈ ದೇಶ ಒಪ್ಪುವಂತೆ ಮಾಡಿದವರು ಹ್ಯೂಸ್ಟನ್ ಅವರಂಥ ಗುರುಗಳು, ಅವರ ಶಿಷ್ಯರು, ಲಾಠಿ ಏಟು ತಿಂದ ಜನಸಾಮಾನ್ಯರು. ನಮ್ಮ ಡಿಗ್ರಿಯ ಬಲದಿಂದ ಬಂದೆವೆಂದು ನಾವು ಹೇಳಿಕೊಳ್ಳುತ್ತೇವೆ. ಡಿಗ್ರಿ ಇದ್ದದ್ದು ನಿಜ. ಬಾಗಿಲು ತೆಗೆದವರು ಬೇರೆ.

ಒಂದು ಆಕ್ಷೇಪಣೆಯನ್ನು ಮರೆಯುವಂತಿಲ್ಲ. ಲಾ ಕಾಲೇಜು ಇರುವುದು ವಕೀಲಿ ಕಲಿಸಲು, ಉಪದೇಶ ಮಾಡಲು ಅಲ್ಲ ಎಂದು ನಮ್ಮ ಕೂಟದಲ್ಲೇ ಇಬ್ಬರು ವಾದಿಸಿದರು. ಫೀಸು ಕಟ್ಟುವ ತಂದೆತಾಯಿಗಳ ಮಾತು ಅದು, ತಳ್ಳಿಹಾಕುವಂಥದಲ್ಲ. ನಮ್ಮ ಉತ್ತರ ಹ್ಯೂಸ್ಟನ್. ಅವರು ಕಾನೂನನ್ನು ಕಡಿಮೆ ಕಲಿಸಲಿಲ್ಲ, ಹೆಚ್ಚು ಕಲಿಸಿದರು. ಸೋರುವ ಶಾಲೆಯನ್ನು ಕಣ್ಣಾರೆ ನೋಡಿದವರಿಗೆ ತೀರ್ಪಿನ ಬಿರುಕು ಎಲ್ಲಿದೆಯೆಂದು ಬೇಗ ಗೊತ್ತಾಗುತ್ತದೆ.

ಒಕ್ಕಲಿನ ಹೆಸರು

ಇಷ್ಟನ್ನು ಯುಗಾದಿಯ ಕೂಟದಲ್ಲಿ ಓದಿ ಹೇಳಿದಾಗ ಅದೇ ಹಿರಿಯರು ಎದ್ದು ನಿಂತು ತಮ್ಮ ಮನೆಯ ಕಥೆಯನ್ನು ಪೂರ್ತಿಯಾಗಿ ಹೇಳಿದರು. 1974ರ ಮಾರ್ಚಿನಲ್ಲಿ ಉಳುವವನೇ ಹೊಲದೊಡೆಯನೆಂಬ ಕಾನೂನು ಜಾರಿಗೆ ಬಂದದ್ದು, ಒಕ್ಕಲು ಡಿಕ್ಲರೇಷನ್ ಕೊಟ್ಟದ್ದು, ವಕೀಲರಿಗೆ ಪ್ರವೇಶವಿಲ್ಲದ ಭೂನ್ಯಾಯ ಮಂಡಳಿಯ ಮುಂದೆ ಅವರ ತಂದೆಯೂ ಒಕ್ಕಲೂ ಎದುರುಬದುರು ನಿಂತದ್ದು, ಗದ್ದೆ ಹೋದ ಮೇಲೆ ತಂದೆ ಆ ದಾರಿಯಲ್ಲಿ ನಡೆಯುವುದನ್ನೇ ಬಿಟ್ಟದ್ದು. ಎಕರೆ ಎಷ್ಟು, ಸರ್ವೆ ನಂಬರು ಯಾವುದು, ಗೇಣಿ ಎಷ್ಟು ಮುಡಿ ಅಕ್ಕಿ ಬರುತ್ತಿತ್ತು ಎಲ್ಲವೂ ಅವರಿಗೆ ಬಾಯಿಪಾಠ. ಅವರ ನೋವು ಸುಳ್ಳಲ್ಲ. ನಮ್ಮಲ್ಲಿ ಹಲವರ ಮನೆಯಲ್ಲಿ ಇದೇ ಕಥೆಯಿದೆ, ಇದೇ ಧ್ವನಿಯಲ್ಲಿದೆ.

ಲಾ ಓದುವ ಹುಡುಗಿ ಮೆಲ್ಲಗೆ ಕೇಳಿದಳು: "ಅಂಕಲ್, ಆ ಒಕ್ಕಲಿನ ಹೆಸರೇನು?"

ಅವರು ಬಾಯಿ ತೆರೆದರು, ಸುಮ್ಮನಾದರು. ಸ್ವಲ್ಪ ಹೊತ್ತು ಹಣೆ ಉಜ್ಜಿಕೊಂಡರು. "ನಾವೆಲ್ಲ ಒಕ್ಕಲು ಎಂದೇ ಹೇಳುತ್ತಿದ್ದದ್ದು," ಎಂದರು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವರನ್ನು ಹೀಯಾಳಿಸುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಮ್ಮ ನಮ್ಮ ಮನೆಯ ಒಕ್ಕಲಿನ ಹೆಸರು ನಮಗೆಷ್ಟು ಜನಕ್ಕೆ ಗೊತ್ತಿತ್ತು?

ಆ ರಾತ್ರಿಯೇ ಅವರು ಊರಿನಲ್ಲಿರುವ ಅಕ್ಕನಿಗೆ ಫೋನು ಮಾಡಿದರಂತೆ. ಅಕ್ಕನಿಗೆ ಎಂಬತ್ತು ದಾಟಿದೆ, ನೆನಪು ಗಟ್ಟಿ. ಒಕ್ಕಲಿನ ಹೆಸರನ್ನೂ ಅವನ ಹೆಂಡತಿಯ ಹೆಸರನ್ನೂ ಹೇಳಿದರು. ಗುಡ್ಡದ ಮಗ್ಗುಲನ್ನು ಕಡಿದು ಆ ಗದ್ದೆ ಮಾಡಿದ್ದೇ ಅವನ ಅಪ್ಪ ಎಂದೂ ಹೇಳಿದರು. ಈ ಕೊನೆಯ ಮಾತನ್ನು ನಮ್ಮ ಹಿರಿಯರು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಹೆಸರನ್ನು ಮನೆಯ ಹಳೆಯ ಜಮೀನು ಕಾಗದಗಳ ಲಕೋಟೆಯ ಮೇಲೆ ಬರೆದಿಟ್ಟಿದ್ದಾರೆ.

ಮುಂದಿನ ಕೂಟದಲ್ಲಿ ಥಿಂಡ್ ತೀರ್ಪನ್ನು ಕನ್ನಡದಲ್ಲಿ ಓದಿ ಹೇಳುವುದೆಂದು ನಿಶ್ಚಯಿಸಿದ್ದೇವೆ. ಹೈಸ್ಕೂಲು ದಾಟಿದ ಮಕ್ಕಳನ್ನು ತಪ್ಪದೆ ಕರೆತನ್ನಿ. ಭೂಸುಧಾರಣೆಯ ಕಾಲದ ನೆನಪುಗಳಿರುವ ಹಿರಿಯರು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ. ಧಣಿಯ ಮನೆಯವರೂ ಬರೆಯಿರಿ, ಒಕ್ಕಲಿನ ಮನೆಯವರೂ ಬರೆಯಿರಿ. ಎರಡನೆಯವರು ನಮ್ಮ ಬಳಗದಲ್ಲಿ ಇದ್ದಾರೆ. ಇಷ್ಟು ವರ್ಷ ನಾವು ಅವರನ್ನು ಕೇಳಿರಲಿಲ್ಲ, ಅಷ್ಟೇ.